ಹಿಂದಕ್ಕೆ ಬಾಗಿದ ಏಣಿ

ನದಿ ತಿರುವು ತೆಗೆದುಕೊಳ್ಳುವ ಕಡೆ ಒಂದು ಉದ್ದನೆಯ ಕಟ್ಟಡವಿತ್ತು. ಅದರೊಳಗೆ ಒಂದು ಕಣವೇಗವರ್ಧಕವಿತ್ತು. ಊರಿನವರು ಆ ಕಟ್ಟಡವನ್ನು ಆಶ್ರಮ ಎಂದು ಕರೆಯುತ್ತಿದ್ದರು. ಭಕ್ತಿಯಿಂದಲ್ಲ. ಒಳಗೆ ಹೋದ ಹುಡುಗ ಹುಡುಗಿಯರು ವರ್ಷಗಟ್ಟಲೆ ಹೊರಗೆ ಬರುವುದಿಲ್ಲ, ಬಂದರೂ ಏನು ಮಾಡಿಕೊಂಡು ಬಂದರೆಂದು ಯಾರಿಗೂ ತಿಳಿಯುವುದಿಲ್ಲ ಎಂಬ ಕುಹಕದಿಂದ.

ಅಲ್ಲಿ ಧರಣೇಂದ್ರ ಮೇಷ್ಟ್ರು ಪರಮಾಣುವಿನ ಬೀಜವನ್ನು ಅಭ್ಯಾಸ ಮಾಡುತ್ತಿದ್ದರು. ಪರಮಾಣುವಿನ ನಟ್ಟನಡುವೆ ಪ್ರೋಟಾನ್, ನ್ಯೂಟ್ರಾನ್‌ಗಳು ಒತ್ತೊತ್ತಾಗಿ ಕೂಡಿರುವ ಗಟ್ಟಿ ಭಾಗವೇ ಬೀಜ. ಅದನ್ನು ವಿಪರೀತ ವೇಗದಲ್ಲಿ ತಿರುಗುವಂತೆ ಮಾಡುವುದು, ತಿರುಗುವಾಗ ಅದು ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳುವುದು ಅವರ ಕೆಲಸ. ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಭಾರ್ಗವಿ ಶಿಷ್ಯೆಯಾಗಲು ಬಂದ ದಿನ ಮೇಷ್ಟ್ರು ಮೇಜಿನ ಮೇಲೆ ಎರಡು ವಸ್ತುಗಳನ್ನಿಟ್ಟು, ಎರಡನ್ನೂ ಬೆರಳಿನಿಂದ ತಿರುಗಿಸಿದರು. ಒಂದು, ಕಲೆಯಿಲ್ಲದ ಉಕ್ಕಿನ ಗುಂಡು. ಇನ್ನೊಂದು, ನೇರಳೆ ಹಣ್ಣು.

“ಯಾವುದು ತಿರುಗುತ್ತಿದೆ?”

“ಎರಡೂ.”

“ಗುಂಡು ತಿರುಗುವುದನ್ನು ನನಗೆ ತೋರಿಸು.”

ಭಾರ್ಗವಿ ಬಗ್ಗಿ ನೋಡಿದಳು. ಗುಂಡಿನ ಮೇಲೆ ಒಂದು ಗೀರೂ ಇರಲಿಲ್ಲ. ಅದು ತಿರುಗುತ್ತಿದೆಯೋ ನಿಂತಿದೆಯೋ ಹೇಳಲು ಗುರುತೇ ಇರಲಿಲ್ಲ.

“ತೋರಿಸಲು ಆಗುವುದಿಲ್ಲ. ಆದರೆ ತಿರುಗುತ್ತಿದೆ.”

“ಅದು ನಮ್ಮ ಲೋಕದ ಮಾತು. ಬೀಜದ ಲೋಕದಲ್ಲಿ ತೋರಿಸಲಾಗದ ತಿರುಗುವಿಕೆ ಇಲ್ಲವೇ ಇಲ್ಲ. ಪೂರ್ತಿ ದುಂಡಗಿರುವ ಬೀಜ ಇಡಿಯಾಗಿ ತಿರುಗಲಾರದು. ತಿರುಗಬೇಕಾದರೆ ಈ ಹಣ್ಣಿನ ಹಾಗೆ ಒಂದು ಕಡೆಗೆ ಉದ್ದವಾಗಿ ಆಕಾರ ಕೆಟ್ಟಿರಬೇಕು.”

“ಆಕಾರ ಕೆಟ್ಟದ್ದಕ್ಕೆ ಮಾತ್ರ ಆ ಭಾಗ್ಯವೇ?”

“ನಾಳೆಯಿಂದ ಬಾ,” ಎಂದು ಮೇಷ್ಟ್ರು ನೇರಳೆ ಹಣ್ಣನ್ನು ಬಾಯಿಗೆ ಹಾಕಿಕೊಂಡರು.

ಹೊರಗೆ ರುದ್ರಮುನಿ ಕಾದಿದ್ದ. ಅವನು ಮೇಷ್ಟ್ರ ಹಿರಿಯ ಶಿಷ್ಯ. ಎಷ್ಟು ಹಿರಿಯ ಎಂದರೆ ಅವನ ಜೊತೆಗೆ ಸೇರಿದವರು ಈಗ ಬೇರೆ ಕಡೆ ಮೇಷ್ಟ್ರಾಗಿದ್ದರು.

“ಹಣ್ಣಿನ ಪರೀಕ್ಷೆ ಆಯಿತೇನಮ್ಮ?”

“ಆಯಿತು. ನಿಮಗೂ ಮಾಡಿದ್ದರೇ?”

“ಮಾಡಿದ್ದರು. ಅವರು ತಿರುಗಿಸುವ ಮೊದಲೇ ನಾನು ಹಣ್ಣು ತಿಂದೆ. ಅದಕ್ಕೇ ನನ್ನ ಪಿಎಚ್‌.ಡಿ. ಇನ್ನೂ ಮುಗಿದಿಲ್ಲ.”

ಕೆಲಸದ ರೀತಿ ಹೀಗಿತ್ತು. ವೇಗವರ್ಧಕದಿಂದ ಹೊರಟ ಬೀಜ, ತೆಳ್ಳನೆಯ ಲೋಹದ ಹಾಳೆಯಲ್ಲಿರುವ ಇನ್ನೊಂದು ಬೀಜವನ್ನು ಓರೆಯಾಗಿ ಬಡಿಯುತ್ತದೆ. ಎರಡೂ ಬೆಸೆದುಕೊಳ್ಳುತ್ತವೆ. ಹೀಗೆ ಹುಟ್ಟಿದ ಹೊಸ ಬೀಜ ಹುಚ್ಚೆದ್ದು ತಿರುಗುತ್ತದೆ.

ಆಮೇಲೆ ಅದು ತನ್ನ ಗಿರಕಿಯನ್ನು, ಎಂದರೆ ತಾನು ಹೊತ್ತ ಒಟ್ಟು ತಿರುಗುವಿಕೆಯನ್ನು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಳ್ಳುತ್ತದೆ. ಒಂದೊಂದು ಮೆಟ್ಟಿಲು ಇಳಿದಾಗಲೂ ಒಂದೊಂದು ಗ್ಯಾಮಾ ಕಿರಣ ಹೊರಬರುತ್ತದೆ. ಪರದೆಯ ಮೇಲೆ ಅದು ಒಂದು ಗೆರೆ. ಬೀಜ ವೇಗವಾಗಿ ತಿರುಗುತ್ತಿದ್ದಷ್ಟೂ ಆ ಕಿರಣದ ಶಕ್ತಿ ಹೆಚ್ಚು, ಆ ಮೆಟ್ಟಿಲು ಎತ್ತರ.

ಯಂತ್ರ ಗೆರೆಗಳನ್ನು ಕೊಡುತ್ತದೆ. ಅವುಗಳ ಕ್ರಮವನ್ನು ಕೊಡುವುದಿಲ್ಲ. ಯಾವುದರ ಮೇಲೆ ಯಾವುದು ಎಂದು ಕಂಡುಹಿಡಿದು ಏಣಿ ಕಟ್ಟಬೇಕಾದದ್ದು ಮನುಷ್ಯ.

ಭಾರ್ಗವಿಗೆ ಸಿಕ್ಕ ಬೀಜದ ಏಣಿಯನ್ನು ಅಲ್ಲಿಯವರೆಗೆ ಯಾರೂ ಕಟ್ಟಿರಲಿಲ್ಲ. ಸಮುದ್ರದಾಚೆಯ ಒಂದು ತಂಡ ಅದೇ ಬೀಜದ ಹಿಂದೆ ಬಿದ್ದಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರಲ್ಲಿ ಜನ ಹೆಚ್ಚು, ಯಂತ್ರ ದೊಡ್ಡದು. ಭಾರ್ಗವಿಯಲ್ಲಿ ಹಟವಿತ್ತು.

ಒಂದು ಬೆಳಿಗ್ಗೆ ಅವಳು ಮೇಷ್ಟ್ರ ಮೇಜಿನ ಮೇಲೆ ಒಂದು ಚಿತ್ರವನ್ನು ಹರಡಿದಳು.

“ಮೇಷ್ಟ್ರೇ, ಏಣಿ ಮುಗಿಯಿತು.”

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಕೆಳಗಿನಿಂದ ಮೇಲಕ್ಕೆ ಹೋದಂತೆ ಮೆಟ್ಟಿಲುಗಳ ಎತ್ತರ ಹೆಚ್ಚುತ್ತಿತ್ತು. ನಡುವೆ ಏರಿಕೆ ಸ್ವಲ್ಪ ಮೆತ್ತಗಾಗುತ್ತಿತ್ತು, ಆದರೆ ಎಲ್ಲಿಯೂ ತಗ್ಗುತ್ತಿರಲಿಲ್ಲ. ಬೇರೆಯವರು ಮೊದಲೇ ಕಂಪ್ಯೂಟರಿನಲ್ಲಿ ಹಾಕಿಟ್ಟ ಲೆಕ್ಕವೂ ಹಾಗೆಯೇ ಹೇಳಿತ್ತು.

“ತುಂಬಾ ಅಂದವಾಗಿದೆ,” ಎಂದರು ಮೇಷ್ಟ್ರು.

“ಹಾಗಾದರೆ ಪತ್ರಿಕೆಗೆ ಕಳುಹಿಸಲೇ?”

“ಬೇಡ.”

ಮೇಷ್ಟ್ರು ನಡುವಿನ ಒಂದು ಗೆರೆಯ ಮೇಲೆ ಬೆರಳಿಟ್ಟರು.

“ಇದು ಮಂಕಾಗಿದೆ. ಇದರ ಮೇಲಿರುವುದು ಇದಕ್ಕಿಂತ ಹೊಳೆಯುತ್ತಿದೆ. ಯಾಕೆ?”

“ಮೇಲಿನದಕ್ಕೆ ಬೇರೊಂದು ಬೀಜದ ಕಿರಣ ಬೆರೆತಿದೆ, ಮೇಷ್ಟ್ರೇ. ಅದಕ್ಕೇ ಹೊಳಪು ಜಾಸ್ತಿ.”

“ಬೆರೆತದ್ದನ್ನು ನೋಡಿದೆಯಾ?”

“ಬೆರೆತಿರಲೇಬೇಕು.”

“ನೋಡಿದೆಯಾ?”

ಅವಳು ಚಿತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ದನಿ ತಣ್ಣಗಿತ್ತು.

“ಆ ತಂಡದವರು ಇವತ್ತೋ ನಾಳೆಯೋ ಪ್ರಕಟಿಸುತ್ತಾರೆ. ನಾನು ಇಷ್ಟು ವರ್ಷ ಇಲ್ಲಿ ಕೂತದ್ದು ಎರಡನೆಯವಳಾಗುವುದಕ್ಕಲ್ಲ. ಈ ಬೀಜದ ಏಣಿ ಮೊದಲು ನನ್ನ ಹೆಸರಿನಲ್ಲಿ ಬರಬೇಕು. ಒಂದು ಮಂಕು ಗೆರೆಗಾಗಿ ಅದನ್ನು ತಡೆಯುತ್ತೀರಾ?”

“ಚಪ್ಪಲಿ ಮೆಟ್ಟಿಕೋ. ನದಿಯ ಹತ್ತಿರ ಹೋಗಿಬರೋಣ.”

“ಈಗಲೇ?”

“ಬಿಸಿಲು ಏರಿದರೆ ಕಲ್ಲು ಸುಡುತ್ತದೆ.”

ಕಟ್ಟಡದ ಹಿಂದೆ ಹಳೆಯ ಸ್ನಾನಘಟ್ಟವಿತ್ತು. ಮೇಲಿನಿಂದ ನೀರಿನವರೆಗೆ ಕಲ್ಲಿನ ಮೆಟ್ಟಿಲುಗಳು. ಗುಡಿಯಿಂದ ಬರುವ ಹಾದಿ ತುದಿಗೆ ಸೇರುತ್ತಿತ್ತು. ಬಟ್ಟೆ ಒಗೆಯುವವರ ಹಾದಿ ಅದಕ್ಕಿಂತ ಕೆಳಗೆ. ದೋಣಿಗೆ ಬರುವವರ ಹಾದಿ ಇನ್ನೂ ಕೆಳಗೆ. ಎಲ್ಲರೂ ಇಳಿಯುತ್ತಿದ್ದದ್ದು ಒಂದೇ ನೀರಿಗೆ.

ಮೇಷ್ಟ್ರು ಮೇಲೆಯೇ ನಿಂತರು.

“ಈ ಕಲ್ಲುಗಳನ್ನೆಲ್ಲ ಕಿತ್ತು ಒಂದು ರಾಶಿ ಹಾಕುತ್ತೇನೆ. ನೀನು ಘಟ್ಟವನ್ನು ಮತ್ತೆ ಕಟ್ಟಬೇಕು. ಯಾವುದು ಕೆಳಗಿನದು, ಯಾವುದು ಮೇಲಿನದು ಹೇಗೆ ಹೇಳುತ್ತೀ?”

“ದಪ್ಪ ನೋಡುತ್ತೇನೆ. ತೆಳ್ಳಗಿನದು ಕೆಳಗೆ, ದಪ್ಪಗಿನದು ಮೇಲೆ.”

“ಹಾಗೆಂದು ಈ ಘಟ್ಟ ಕಟ್ಟಿದ ಒಡ್ಡರು ನಿನಗೆ ಹೇಳಿದರೇ?”

“ಹಾಗಿದ್ದರೆ ಒಂದು ಕ್ರಮವಿರುತ್ತದೆ.”

“ಯಾರ ಕ್ರಮ?”

ಭಾರ್ಗವಿಗೆ ಸಿಟ್ಟು ಬಂತು. “ಮೇಷ್ಟ್ರೇ, ನನಗೆ ಸಮಯವಿಲ್ಲ.”

“ಚಪ್ಪಲಿ ಬಿಡು. ಕಣ್ಣು ಮುಚ್ಚಿ ಇಳಿ. ನೀರು ಸಿಕ್ಕಿದಾಗ ನಿಲ್ಲು.”

“ಬಿದ್ದರೆ?”

“ಈಜು ಬರುತ್ತದೆ ಎಂದು ನೀನೇ ಅರ್ಜಿಯಲ್ಲಿ ಬರೆದಿದ್ದೆ.”

ಅವಳು ಇಳಿದಳು. ಮೇಲಿನ ಕಲ್ಲುಗಳು ಒರಟಾಗಿದ್ದವು. ಉಳಿಯ ಗುರುತುಗಳು ಅಂಗಾಲಿಗೆ ತಾಗುತ್ತಿದ್ದವು. ಮೆಟ್ಟಿಲುಗಳ ಎತ್ತರಕ್ಕೆ ಯಾವ ನಿಯಮವೂ ಇರಲಿಲ್ಲ. ಒಂದು ಎತ್ತರ, ಮುಂದಿನದು ಗಿಡ್ಡ, ಅದರ ಮುಂದಿನದು ಮತ್ತೆ ಎತ್ತರ.

ಆದರೆ ಇಳಿದಂತೆ ಕಲ್ಲು ನುಣುಪಾಗುತ್ತಾ ಹೋಯಿತು. ಗುಡಿಯವರ ಪಾದ, ಅದರ ಮೇಲೆ ಒಗೆಯುವವರ ಪಾದ, ಅದರ ಮೇಲೆ ದೋಣಿಯವರ ಪಾದ. ನೀರಿನ ಪಕ್ಕದ ಕಲ್ಲು ನಡುವೆ ಬೋಗುಣಿಯ ಹಾಗೆ ಸವೆದಿತ್ತು.

ಅವಳು ನೀರಿನಲ್ಲಿ ನಿಂತು ಕಣ್ಣು ತೆರೆದಳು.

ಯಾವ ಎತ್ತರದಲ್ಲಿ ಏಣಿಗೆ ಬಂದು ಸೇರಿದ ಬೀಜವಾದರೂ ಕೆಳಗಿನ ಮೆಟ್ಟಿಲನ್ನು ದಾಟಿಯೇ ಇಳಿಯಬೇಕು. ಕೆಳಗಿನ ಗೆರೆಯೇ ಹೆಚ್ಚು ಹೊಳೆಯಬೇಕು. ಮೇಲಿನದು ಅದಕ್ಕಿಂತ ಮಂಕಾಗಿರಬೇಕು. ಇದು ಮೊದಲ ವರ್ಷದ ಪಾಠ. ಅವಳಿಗೆ ಇದು ಗೊತ್ತಿತ್ತು. ಅಂದದ ಏಣಿಯೊಂದು ಕಣ್ಣೆದುರು ನಿಂತಾಗ, ಗೊತ್ತಿದ್ದದ್ದನ್ನು ಬಿಟ್ಟು ಬೆರಕೆಯ ನೆಪ ಹೂಡಿದ್ದಳು.

“ಹೊಳೆಯುವುದು ಕೆಳಗಿದ್ದರೆ?” ಎಂದು ಕೆಳಗಿನಿಂದಲೇ ಕೂಗಿದಳು. “ಮಂಕಾದದ್ದು ಅದರ ಮೇಲಿದ್ದರೆ?”

“ನನ್ನನ್ನು ಕೇಳಬೇಡ. ನಾನು ಬೀಜವಲ್ಲ.”

ಅವಳು ಎರಡೆರಡು ಮೆಟ್ಟಿಲು ಹತ್ತಿ ಮೇಷ್ಟ್ರನ್ನು ದಾಟಿ ಓಡಿದಳು. ಚಪ್ಪಲಿ ಅಲ್ಲಿಯೇ ಉಳಿಯಿತು. ಮಧ್ಯಾಹ್ನ ರುದ್ರಮುನಿ ಅವನ್ನು ಎರಡು ಬೆರಳಲ್ಲಿ ಹಿಡಿದು ತಂದು ಅವಳ ಕುರ್ಚಿಯ ಕೆಳಗಿಟ್ಟ.

“ಮೇಷ್ಟ್ರು ಇವನ್ನು ಸಿಂಹಾಸನದ ಮೇಲಿಟ್ಟು ರಾಜ್ಯ ಆಳು ಅಂದರು. ನನಗೆ ಅಷ್ಟು ಪುರುಸೊತ್ತಿಲ್ಲ.”

ಅವಳು ನಗಲಿಲ್ಲ. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಬೆರಕೆಯನ್ನು ಬೇರ್ಪಡಿಸಲು ಒಂದು ಕ್ರಮವಿದೆ. ಸಂಶಯವಿಲ್ಲದ ಒಂದು ಕಿರಣವನ್ನು ಹಿಡಿದು, ಅದು ಹುಟ್ಟಿದ ಕ್ಷಣದಲ್ಲೇ ಹುಟ್ಟಿದ ಕಿರಣಗಳನ್ನು ಮಾತ್ರ ತೋರಿಸು ಎಂದು ದತ್ತಾಂಶಕ್ಕೆ ಹೇಳಬೇಕು. ಆ ಕಿರಣವೇ ಬಾಗಿಲು. ಅದರಿಂದ ಅದೇ ಬೀಜದ ಬಂಧುಗಳು ಮಾತ್ರ ಒಳಗೆ ಬರುತ್ತಾರೆ. ಪಕ್ಕದ ಮನೆಯವರು ಹೊರಗುಳಿಯುತ್ತಾರೆ. ಇದಕ್ಕೆ ಆತುರ ಸಲ್ಲದು. ಒಂದೊಂದು ಬಾಗಿಲಿಗೂ ಸಾಕಷ್ಟು ಕಿರಣಗಳು ಬೇಕು. ಕಿರಣಗಳು ಸಾಲದೆ ಹೋದಾಗ ಯಂತ್ರವನ್ನು ಮತ್ತೆ ನಡೆಸಬೇಕು. ಅದಕ್ಕೆ ಸರದಿಗಾಗಿ ಕಾಯಬೇಕು.

ಭಾರ್ಗವಿ ಸರದಿಗಾಗಿ ಕಾಯುತ್ತಿದ್ದಾಗ ಸಮುದ್ರದಾಚೆಯ ತಂಡ ಏಣಿಯನ್ನು ಪ್ರಕಟಿಸಿತು.

ಸುದ್ದಿ ತಂದವನು ರುದ್ರಮುನಿ. ಈ ಸಲ ಅವನು ಏನೂ ಹಾಸ್ಯ ಮಾಡಲಿಲ್ಲ. ಚಿತ್ರವನ್ನು ಅವಳ ಮುಂದಿಟ್ಟ.

ಅದು ಅವಳ ಏಣಿಯೇ ಆಗಿತ್ತು. ನಯವಾದ, ಅಂದವಾದ, ಎಲ್ಲಿಯೂ ತಗ್ಗದ ಏಣಿ. ಮಂಕು ಗೆರೆ ಅವಳು ಮೊದಲು ಇಟ್ಟಿದ್ದ ಜಾಗದಲ್ಲೇ ಇತ್ತು. ಲೆಕ್ಕ ಹಾಕಿದವರು ತಮ್ಮ ಲೆಕ್ಕ ಸರಿಬಂತೆಂದು ಹೊಗಳಿದ್ದರು. ಮೊದಲು ಬಂದವರನ್ನು ಜಗತ್ತು ಅಭಿನಂದಿಸಿತು. ಮಂಕು ಗೆರೆಯ ಬಗ್ಗೆ ಯಾರೂ ಕೇಳಲಿಲ್ಲ.

ಭಾರ್ಗವಿ ಮೇಷ್ಟ್ರ ಕೋಣೆಗೆ ಹೋದಳು. ಕೂರಲಿಲ್ಲ.

“ನೀವು ತಡೆದಿರಿ.”

“ಹೌದು. ತಡೆದೆ.”

“ಅವತ್ತು ಕಳುಹಿಸಿದ್ದರೆ ಇದು ನನ್ನದಾಗಿರುತ್ತಿತ್ತು.”

“ಆಗಿರುತ್ತಿತ್ತು.”

“ಅವರದ್ದೂ ನನ್ನದೂ ಒಂದೇ. ಬೇರೆ ದೇಶ, ಬೇರೆ ಯಂತ್ರ. ಇಬ್ಬರೂ ಹೇಗೆ ತಪ್ಪುತ್ತೇವೆ?”

“ಇಬ್ಬರೂ ಓದಿದ್ದು ಒಂದೇ ಪುಸ್ತಕ.”

“ನಾನು ತಪ್ಪಿದ್ದೇನೆ ಎಂದು ನಿಮಗೆ ಖಚಿತವೇ?”

“ಇಲ್ಲ.”

“ಖಚಿತವಿಲ್ಲದೆಯೇ ತಡೆದಿರಾ?”

“ನಿನಗೂ ಖಚಿತವಿರಲಿಲ್ಲ. ನೀನು ಖಚಿತವಿಲ್ಲದೆಯೇ ಕಳುಹಿಸುತ್ತಿದ್ದೆ.”

ಅವರು ಕ್ಷಮೆ ಕೇಳಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಅವಳು ಬಾಗಿಲನ್ನು ಸದ್ದಾಗುವಂತೆ ಹಾಕಿಕೊಂಡು ಹೋದಳು. ಮೇಷ್ಟ್ರು ಎದ್ದು, ಬಾಗಿಲನ್ನು ಮತ್ತೆ ತೆರೆದಿಟ್ಟು, ಬಂದು ಕೂತರು.

“ಊರಿಗೆ ಹೋಗಿಬಿಡುತ್ತೇನೆ,” ಎಂದಳು ಹೊರಗೆ ನಿಂತಿದ್ದ ರುದ್ರಮುನಿಗೆ.

“ಹೋಗು. ನಿನ್ನ ಸರದಿಯನ್ನು ನನ್ನ ಹೆಸರಿಗೆ ಬರೆದುಕೊಟ್ಟು ಹೋಗು.”

“ಯಾಕೆ? ನಿಮ್ಮ ಬೀಜ ಬೇರೆಯಲ್ಲವೇ?”

“ಆ ಮಂಕು ಗೆರೆ ಎಲ್ಲಿ ಕೂರುತ್ತದೆ ಅಂತ ನನಗೂ ಈಗ ನಿದ್ದೆ ಬರುತ್ತಿಲ್ಲ, ಮಾರಾಯ್ತಿ.”

ಅವಳು ಸರದಿಯನ್ನು ಬರೆದುಕೊಡಲಿಲ್ಲ.

ಯಂತ್ರ ನಡೆಯಿತು. ಕಿರಣಗಳು ಸಾಕಷ್ಟು ಸಿಕ್ಕವು. ಅವಳು ಬಾಗಿಲುಗಳನ್ನು ಒಂದೊಂದಾಗಿ ತೆರೆದಳು. ಹೊಳೆಯುವ ಗೆರೆಗೆ ಯಾವ ಬೀಜದ ಬೆರಕೆಯೂ ಇರಲಿಲ್ಲ. ಅದು ತನ್ನ ಸ್ವಂತ ಹೊಳಪಿನಿಂದ ಹೊಳೆಯುತ್ತಿತ್ತು. ಮಂಕು ಗೆರೆಯ ಜಾಗ ಅದರ ಮೇಲೆ.

ಅವಳು ಏಣಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಮೆಟ್ಟಿಲುಗಳು ಏರುತ್ತಾ ಹೋಗಿ, ನಡುವೆ ಒಂದು ಕಡೆ ಥಟ್ಟನೆ ತಗ್ಗಿ, ಮತ್ತೆ ಏರಿದವು. ಗಿರಕಿ ಒಂದು ಕಡೆ, ವೇಗ ಒಂದು ಕಡೆ ಇಟ್ಟು ಗೀಟು ಎಳೆದರೆ, ಗೀಟು ಮುಂದೆ ಹೋಗುತ್ತಾ ಹೋಗಿ ಹಿಂದಕ್ಕೆ ಬಾಗಿತು.

ಇಂಥ ಬಾಗು ಬೇರೆ ಬೀಜಗಳಲ್ಲಿ ಕಂಡಿತ್ತು. ಈ ಬೀಜದಲ್ಲಿ ಬಾಗು ಇರುವುದಿಲ್ಲ ಎಂದು ಲೆಕ್ಕಗಳೆಲ್ಲ ಹೇಳಿದ್ದವು.

ಸಂಜೆ ಅವಳು ಚಿತ್ರವನ್ನು ಮೇಷ್ಟ್ರ ಮುಂದೆ ಹರಡಿದಳು.

ಮೇಷ್ಟ್ರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು ನಿಂತರು.

ಅವರು ಹೊರಡುತ್ತಿದ್ದಾರೆ ಎಂದುಕೊಂಡು ಅವಳು ದಾರಿ ಬಿಟ್ಟಳು. ಅವರು ಹೊರಡಲಿಲ್ಲ. ಹಿರಿಯರು ಒಳಗೆ ಬಂದಾಗ ಎದ್ದು ನಿಲ್ಲುವಂತೆ, ಕೈಗಳನ್ನು ಮುಂದೆ ಕಟ್ಟಿಕೊಂಡು ನಿಂತೇ ಇದ್ದರು.

“ಯಾಕೆ ನಿಂತಿರಿ, ಮೇಷ್ಟ್ರೇ?”

“ಕೂತು ನೋಡುವಂಥದ್ದಲ್ಲ ಇದು. ಇಲ್ಲಿ ಏನಾಗುತ್ತಿದೆ? ನೀನೇ ಹೇಳು.”

“ನಿಮಗೆ ಗೊತ್ತಿದೆ.”

“ನನಗೆ ಗೊತ್ತಿರುವುದು ಬೇರೆ ಬೀಜಗಳ ಸಂಗತಿ. ಇದನ್ನು ಕಂಡವಳು ನೀನು.”

ಅವಳು ಹೇಳತೊಡಗಿದಳು. ಮೊದಲು ಪರೀಕ್ಷೆಯಲ್ಲಿ ಉತ್ತರ ಹೇಳಿದ ಹಾಗೆ. ಆಮೇಲೆ ಬೇರೆ ಬಗೆಯಲ್ಲಿ.

“ಬೀಜದೊಳಗೆ ನ್ಯೂಟ್ರಾನ್‌ಗಳು ಜೋಡಿಜೋಡಿಯಾಗಿವೆ. ಜೋಡಿಯಲ್ಲಿ ಒಂದು ಈ ಕಡೆ ಸುತ್ತಿದರೆ ಇನ್ನೊಂದು ಆ ಕಡೆ ಸುತ್ತುತ್ತದೆ. ಹೀಗಾಗಿ ಅವುಗಳ ಗಿರಕಿ ಲೆಕ್ಕಕ್ಕೆ ಸಿಗುವುದಿಲ್ಲ. ಇಡೀ ಬೀಜ ಒಂದಾಗಿ ತಿರುಗುತ್ತದೆ. ಗಿರಕಿ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ.”

“ಸರಿ.”

“ಒಂದು ವೇಗ ಮುಟ್ಟಿದಾಗ ಒಂದು ಜೋಡಿಗೆ ಹಾಗೆ ಇರಲು ಆಗುವುದಿಲ್ಲ. ತಿರುಗುವಿಕೆಯೇ ಅದನ್ನು ಬಿಡಿಸುತ್ತದೆ. ಎರಡೂ ನ್ಯೂಟ್ರಾನ್‌ಗಳು ಬೀಜ ತಿರುಗುವ ದಿಕ್ಕಿಗೇ ತಿರುಗಿಕೊಳ್ಳುತ್ತವೆ. ಬೀಜದ ಗಿರಕಿಯಲ್ಲಿ ದೊಡ್ಡ ಪಾಲನ್ನು ಅವೆರಡೇ ಹೊರುತ್ತವೆ.”

“ಆಗ ಬೀಜ?”

“ಬೀಜಕ್ಕೆ ಅಷ್ಟು ಜೋರಾಗಿ ತಿರುಗುವ ಅಗತ್ಯ ಇರುವುದಿಲ್ಲ. ನಿಧಾನವಾಗುತ್ತದೆ. ಮೊದಲಿಗಿಂತ ಹೆಚ್ಚು ಗಿರಕಿಯನ್ನು ಹೊತ್ತುಕೊಂಡು, ಮೊದಲಿಗಿಂತ ನಿಧಾನವಾಗಿ ತಿರುಗುತ್ತದೆ.” ಅವಳು ತಡೆದಳು. “ಮೇಷ್ಟ್ರೇ, ಒಂದು ಬೀಜದೊಳಗೆ ನೂರಕ್ಕೂ ಹೆಚ್ಚು ಕಣಗಳು. ಅಷ್ಟರಲ್ಲಿ ಬರೀ ಎರಡು. ಆ ಎರಡು ಬಿಡಿಸಿಕೊಂಡದ್ದು ನಮಗೆ ಇಲ್ಲಿ ಕೂತು ಕಾಣಿಸುತ್ತಿದೆ.”

“ಏಣಿ ಮುರಿಯಿತೇ?”

“ಇಲ್ಲ. ಮುರಿದದ್ದು ಜೋಡಿ. ಏಣಿ ಅದನ್ನು ಹೇಳುತ್ತಿದೆ.”

ಮೇಷ್ಟ್ರು ಆಗ ಕೂತರು.

“ಲೆಕ್ಕ ಹಾಕಿದವರಿಗೆ ತುಂಬಾ ಕಷ್ಟವಾಗುತ್ತದೆ,” ಎಂದು ಬಾಗಿಲಿನಿಂದ ರುದ್ರಮುನಿಯ ದನಿ ಬಂತು. ಅವನು ಯಾವಾಗ ಬಂದು ನಿಂತಿದ್ದನೋ ಇಬ್ಬರಿಗೂ ತಿಳಿದಿರಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು.

ಭಾರ್ಗವಿ ಬರೆಯಲು ಕೂತಳು. ಅವಳ ಪ್ರಬಂಧ ಈಗ ಎರಡನೆಯದು. ಮೊದಲು ಬಂದವರು ತಪ್ಪಿದ್ದಾರೆ ಎಂದು ಅದು ಹೇಳಬೇಕಾಗಿತ್ತು. ಅವರ ಹೆಸರು ದೊಡ್ಡದು. ಅವಳದ್ದು ಯಾರೂ ಕೇಳಿದ್ದಲ್ಲ. ಅವಳು ಪ್ರತಿ ವಾಕ್ಯವನ್ನೂ ಬಿರುಕಿಲ್ಲದಂತೆ ಕಟ್ಟಿದಳು.

ಮುಗಿಯುವ ಹೊತ್ತಿಗೆ ಬಿರುಕು ಕಂಡಿತು.

ಎಲ್ಲ ಬಾಗಿಲುಗಳಲ್ಲಿಯೂ ಒಂದು ಸಣ್ಣ ಗೆರೆ ಬರುತ್ತಿತ್ತು. ಮಂಕು ಗೆರೆಗಿಂತಲೂ ಎಷ್ಟೋ ಪಾಲು ಮಂಕು. ಯಂತ್ರದ ಅರ್ಥವಿಲ್ಲದ ಗದ್ದಲವಿರಬೇಕು ಎಂದು ಮೊದಲು ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟಾಗಿ, ಪರೀಕ್ಷಿಸಿದಳು. ಗದ್ದಲವಾಗಿರಲಿಲ್ಲ. ಏಣಿಯ ಎಲ್ಲ ಮೆಟ್ಟಿಲುಗಳಿಗೂ ಅದು ಬಂಧು. ಆದರೆ ಏಣಿಯ ತುದಿಯಲ್ಲಿಟ್ಟರೆ ಕೂರುತ್ತಿರಲಿಲ್ಲ, ಪಕ್ಕದಿಂದ ಬಂದು ಸೇರುತ್ತದೆ ಎಂದರೆ ಎಲ್ಲಿಗೂ ಹೊಂದುತ್ತಿರಲಿಲ್ಲ.

ಅವಳು ಬರೆದದ್ದನ್ನೂ ಆ ಗೆರೆಯನ್ನೂ ತೆಗೆದುಕೊಂಡು ಮೇಷ್ಟ್ರ ಬಳಿಗೆ ಬಂದಳು. ಅವರು ಘಟ್ಟದ ಮೇಲಿನ ಕಟ್ಟೆಯ ಮೇಲೆ ಕೂತು ನೀರನ್ನು ನೋಡುತ್ತಿದ್ದರು. ಬರೆದದ್ದನ್ನು ಅಲ್ಲಿಯೇ ಮೊದಲಿನಿಂದ ಕೊನೆಯವರೆಗೆ ಓದಿದರು.

“ಕಳುಹಿಸು.”

ಆ ಮಾತಿಗಾಗಿ ಅವಳು ಎಷ್ಟು ಕಾದಿದ್ದಳೋ. ಈಗ ಅದು ಬಂದಾಗ ಅವಳು ಅಲ್ಲಾಡಲಿಲ್ಲ.

“ಮೇಷ್ಟ್ರೇ, ಇನ್ನೊಂದು ಗೆರೆ ಇದೆ.”

ಅವರು ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಇದು ಏನು?” ಎಂದು ಅವಳು ಕೇಳಿದಳು.

“ನನಗೆ ಗೊತ್ತಿಲ್ಲ.”

ಇಷ್ಟು ವರ್ಷಗಳಲ್ಲಿ ಅವರು ಉತ್ತರ ಹೇಳದೆ ಹೋದದ್ದು ಎಷ್ಟೋ ಸಲ. ಉತ್ತರವಿಲ್ಲದೆ ಹೋದದ್ದನ್ನು ಅವಳು ಕಂಡದ್ದು ಅದೇ ಮೊದಲು.

“ಇದನ್ನು ತೋರಿಸಿದರೆ ಅವರು ಇದನ್ನೇ ಹಿಡಿದು ಎಳೆಯುತ್ತಾರೆ,” ಎಂದಳು. “ನಿನ್ನ ಏಣಿಯಲ್ಲೂ ಕೂರದ ಗೆರೆ ಇದೆಯಲ್ಲ, ನಮ್ಮದನ್ನು ತಪ್ಪು ಎನ್ನಲು ನೀನು ಯಾರು ಎನ್ನುತ್ತಾರೆ. ಮೊದಲ ಸ್ಥಾನ ಹೋಯಿತು. ಇದೂ ಹೋಗುತ್ತದೆ.”

“ಹೋಗಬಹುದು.”

“ಬಿಟ್ಟುಬಿಟ್ಟರೆ ಏಣಿ ಪೂರ್ತಿಯಾಗುತ್ತದೆ. ಇಷ್ಟು ಮಂಕಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.”

“ನಿನ್ನ ಕಣ್ಣಿಗೆ ಬಿದ್ದಿದೆಯಲ್ಲ.”

“ಬಿದ್ದಿದೆ. ಅರ್ಥವಾಗಿಲ್ಲ. ನಿಮಗೂ ಆಗಿಲ್ಲ. ನಾಳೆ ನನಗೆ ಆಗುತ್ತದೆ ಎಂಬ ಭರವಸೆಯೂ ಇಲ್ಲ. ನಾನು ಸಾಯುವವರೆಗೆ ಇದು ಏನೆಂದು ತಿಳಿಯದೆ ಹೋಗಬಹುದು. ಅಂಥದ್ದನ್ನು ಎಲ್ಲಿಡಲಿ, ಮೇಷ್ಟ್ರೇ?”

ಮೇಷ್ಟ್ರು ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟರು.

“ಮೊದಲ ಪುಟದಲ್ಲಿ ಇಡು. ಇಲ್ಲದಿದ್ದರೆ ನಿನ್ನ ಶಿಷ್ಯರು ಎಲ್ಲಿಂದ ಶುರು ಮಾಡಬೇಕು?”